ಜೊಲ್ಲು ಕೊಟ್ಟು ‘ವೈರಸ್ ನಿರೋಧ’ ತಿಳಿಯುವ ಡಿಎನ್‌ಎ ಕಿಟ್: ಉತ್ತರ ಕನ್ನಡದವರಿಗೆ ಎಷ್ಟು ಪ್ರಯೋಜನ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಈ ಕಿಟ್ ಡಿಎನ್‌ಎಯ ಅಕ್ಷರಗಳನ್ನು ಓದುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಓದಿದ್ದನ್ನೆಲ್ಲ ಕೂಡಿಸಿ ನೂರಕ್ಕೆ ಇಷ್ಟು ಎಂದು ಕೊಡುವ ‘ವೈರಸ್ ನಿರೋಧ ಅಂಕ’ಕ್ಕೆ ಪ್ರತ್ಯೇಕ ದುಡ್ಡು ಕೊಡಬೇಡಿ. ಮೂಲ ಪ್ಯಾಕ್ ತೆಗೆದುಕೊಳ್ಳಿ, ರಾ ಡೇಟಾ ಫೈಲ್ (ಓದಿದ ಅಕ್ಷರಗಳ ಪಟ್ಟಿ) ಇಳಿಸಿಕೊಳ್ಳಿ, ಅದರಲ್ಲಿ ನಾಲ್ಕೈದು ಸಾಲು ನೀವೇ ನೋಡಿಕೊಳ್ಳಿ. ನಿಜವಾಗಿ ಹುರುಳಿರುವುದು ಆ ಸಾಲುಗಳಲ್ಲಿ. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಡಿಎನ್‌ಎ ಓದುವ ಇದೇ ಬಗೆಯ ಚಿಪ್, ಇದೇ ಬಗೆಯ ಟ್ಯೂಬ್ ಇಟ್ಟುಕೊಂಡು ಇದೇ ಬಗೆಯ ವರದಿ ಮಾರುವವರು ಹಲವರಿದ್ದಾರೆ, ಇಲ್ಲಿಯ ಮಾತು ಬಹುಪಾಲು ಎಲ್ಲರಿಗೂ ಅನ್ವಯಿಸುತ್ತದೆ.

ಪೆಟ್ಟಿಗೆಯಲ್ಲಿ ಒಂದು ಪ್ಲಾಸ್ಟಿಕ್ ಟ್ಯೂಬ್, ಅದರ ಮೇಲೆ ಜೊಲ್ಲು ಉಗುಳಲು ಫನೆಲ್, ಫನೆಲ್‌ನ ಮುಚ್ಚಳದೊಳಗೆ ಸೀಲ್ ಮಾಡಿದ ದ್ರಾವಣ, ಕೊನೆಯಲ್ಲಿ ಹಾಕುವ ಚಿಕ್ಕ ತಿರುಪು ಮುಚ್ಚಳ, ಬಾರ್‌ಕೋಡ್ ಮತ್ತು ವಾಪಸ್ ಕಳಿಸುವ ಲಕೋಟೆ ಇರುತ್ತವೆ. ಉಗುಳುವ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು, ಬೀಡಿ ಸಿಗರೇಟು ಸೇದಬಾರದು ಎಂದು ಸೂಚನೆಯಲ್ಲಿದೆ. ನಮ್ಮ ಕಡೆಯವರಿಗೆ ಅದು ಸಾಲದು. ಕವಳ ಹಾಕುವವರು ಹಿಂದಿನ ರಾತ್ರಿ ಊಟವಾದ ಮೇಲೆ ಬಾಯಿ ಚೆನ್ನಾಗಿ ಮುಕ್ಕಳಿಸಿ, ಬೆಳಿಗ್ಗೆ ಎದ್ದವರೇ ನೀರಿನಲ್ಲಿ ಮತ್ತೆ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು, ಮೊದಲ ಕವಳಕ್ಕೂ ಚಹಾಕ್ಕೂ ಮುಂಚೆ ಮಾದರಿ ಕೊಡುವುದು ಉತ್ತಮ. ಅಡಿಕೆಯಲ್ಲಿ ಟ್ಯಾನಿನ್ ಜಾಸ್ತಿ. ಅದು ಡಿಎನ್‌ಎ ಜೊತೆ ಉಳಿದುಕೊಂಡರೆ ಲ್ಯಾಬಿನಲ್ಲಿ ಪ್ರತಿ ಮಾಡುವ ಕಿಣ್ವದ ಕೆಲಸಕ್ಕೇ ಅಡ್ಡ ಬರುತ್ತದೆ. ಕೆಂಪು ಬಣ್ಣದ ಜೊಲ್ಲು ಕಂಡರೆ ಮಾದರಿ ತಿರಸ್ಕರಿಸುವ ಸಾಧ್ಯತೆಯೂ ಇದೆ. ಹಲ್ಲಿನ ಸೆಟ್ ಇದ್ದವರು ತೆಗೆದಿಟ್ಟು ಉಗುಳಲಿ.

ಟ್ಯೂಬಿನ ಮೇಲಿನ ಗೆರೆ 2 ಮಿಲಿ ಲೀಟರಿನದು. ಅಲ್ಲಿಗೆ ಬರಬೇಕಾದದ್ದು ದ್ರವ, ನೊರೆಯಲ್ಲ. ಹೆಚ್ಚಿನ ಮಾದರಿಗಳು ಕೆಡುವುದು ಇಲ್ಲಿಯೇ: ನೊರೆ ಗೆರೆ ಮುಟ್ಟಿತೆಂದು ಮುಚ್ಚಳ ಹಾಕುತ್ತಾರೆ, ಒಳಗೆ ಅರ್ಧದಷ್ಟೂ ಜೊಲ್ಲಿರುವುದಿಲ್ಲ, ದ್ರಾವಣದ ಪ್ರಮಾಣ ಹೆಚ್ಚಾಗಿ ಡಿಎನ್‌ಎ ಸಾಲದೆ ಹೋಗುತ್ತದೆ. ಟ್ಯೂಬನ್ನು ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ, ನೊರೆ ಇಳಿಸಿ, ಮತ್ತೆ ಉಗುಳಬೇಕು. ಬಾಯಿ ಒಣಗುವ ವಯಸ್ಸಾದವರು ಕೆನ್ನೆಯನ್ನು ಹೊರಗಿನಿಂದ ತಿಕ್ಕಿಕೊಳ್ಳಲಿ, ನಾಲಿಗೆಯ ಮೇಲೆ ಕಾಲು ಚಮಚ ಸಕ್ಕರೆ ಇಟ್ಟುಕೊಂಡರೂ ನಡೆಯುತ್ತದೆ. ಮುರುಗಲು, ಲಿಂಬು ಬೇಡ. ಆಮೇಲೆ ಫನೆಲ್‌ನ ಮುಚ್ಚಳವನ್ನು ‘ಟಕ್’ ಎಂದು ಸದ್ದು ಬರುವವರೆಗೆ ಒತ್ತಬೇಕು. ಆಗ ಒಳಗಿನ ಸೀಲ್ ಒಡೆದು ದ್ರಾವಣ ಕೆಳಗಿಳಿಯುತ್ತದೆ. ಅದು ಪೂರ್ತಿ ಇಳಿದ ಮೇಲೆ ಫನೆಲ್ ತಿರುಗಿಸಿ ತೆಗೆದು, ಚಿಕ್ಕ ಮುಚ್ಚಳ ಬಿಗಿದು, ಐದಾರು ಸೆಕೆಂಡ್ ಜೋರಾಗಿ ಅಲುಗಾಡಿಸಿ. ಈ ಅಲುಗಾಡಿಸುವುದನ್ನು ಮರೆಯುವವರು ಬಹಳ. ಕೋಶಗಳು ಒಡೆದು ಡಿಎನ್‌ಎ ದ್ರಾವಣದಲ್ಲಿ ಬೆರೆಯದಿದ್ದರೆ ಬ್ಯಾಕ್ಟೀರಿಯಾ ಬೆಳೆದು ಮಾದರಿ ಹಾಳಾಗುತ್ತದೆ. ಸರಿಯಾಗಿ ಬೆರೆಸಿದ ಟ್ಯೂಬ್ ಕೋಣೆಯ ಉಷ್ಣತೆಯಲ್ಲೇ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಾಗಾಗಿ ಜುಲೈ ಮಳೆಯಲ್ಲಿ ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಬಂದ್ ಆಗಿ ಕೊರಿಯರ್ ವಾರ ತಡವಾದರೂ ಗಾಬರಿ ಬೇಡ, ಫ್ರಿಜ್ಜಿನಲ್ಲಿಡುವುದೂ ಬೇಡ. ಕೆನ್ನೆಯ ಒಳಗೆ ಉಜ್ಜುವ ಹತ್ತಿ ಕಡ್ಡಿಯ ಕಿಟ್ ಆದರೆ ಕತೆ ಬೇರೆ. ಕರಾವಳಿಯ ಮಳೆಗಾಲದ ಥಂಡಿಯಲ್ಲಿ ಕಡ್ಡಿ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಆ ಬಗೆಯದನ್ನು ನವೆಂಬರ್ ನಂತರವೇ ತರಿಸಿ.

ಮನೆಮಂದಿಯೆಲ್ಲ ಒಟ್ಟಿಗೆ ಮಾಡಿಸುವಾಗ ಟ್ಯೂಬ್ ಅದಲುಬದಲಾಗುವುದು ಸಾಮಾನ್ಯ ತಪ್ಪು. ಒಬ್ಬರ ಬಾರ್‌ಕೋಡ್ ಫೋನಿನಲ್ಲಿ ನೋಂದಾಯಿಸಿ, ಅವರ ಮಾದರಿ ಲಕೋಟೆಗೆ ಸೇರಿದ ಮೇಲೆಯೇ ಇನ್ನೊಂದು ಪೆಟ್ಟಿಗೆ ತೆರೆಯಿರಿ. ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರಿಗೆ ಈ ಕಿಟ್ ಸಲ್ಲ. ಜೊಲ್ಲಿನಲ್ಲಿ ಬಿಳಿ ರಕ್ತಕಣಗಳೂ ಇರುವುದರಿಂದ ದಾನಿಯ ಡಿಎನ್‌ಎಯೂ ನಿಮ್ಮದೂ ಬೆರೆತು ಬರುತ್ತದೆ.

ವರದಿ ಪಿಡಿಎಫ್‌ನಲ್ಲಿ ಬರುತ್ತದೆ, ಪೂರ್ತಿ ಇಂಗ್ಲಿಷಿನಲ್ಲಿ. ಮೊದಲ ಪುಟದಲ್ಲೇ ದೊಡ್ಡ ವೃತ್ತ, ಅದರಲ್ಲಿ ಅಂಕ, ಕೆಳಗೆ ಹಸಿರು, ಹಳದಿ, ಕೆಂಪು ಪಟ್ಟಿಗಳು. ಹೆಚ್‌ಐವಿ, ನೊರೋವೈರಸ್, ಕೋವಿಡ್, ಹೆಪಟೈಟಿಸ್ ಸಿ, ಡೆಂಗಿ, ಇನ್‌ಫ್ಲುಯೆಂಜಾ ಎಲ್ಲ ಒಂದರ ಕೆಳಗೊಂದು. ನಮ್ಮ ಆಕ್ಷೇಪ ಶುರುವಾಗುವುದು ಇಲ್ಲಿ. ಒಂದು ವೈರಸ್ ಜೀವಕೋಶದೊಳಗೆ ಹೋಗುವ ದಾರಿ ಒಂದು, ಇನ್ನೊಂದರದು ಬೇರೆ. ಒಂದನ್ನು ತಡೆಯುವ ವಂಶವಾಹಿಗೂ ಮತ್ತೊಂದನ್ನು ತಡೆಯುವುದಕ್ಕೂ ಸಂಬಂಧವಿಲ್ಲ. ಒಂದು ಸಾಲಿನಲ್ಲಿ ಸೋಂಕು ತಗಲುವುದೇ ಇಲ್ಲ ಎನ್ನುವಷ್ಟು ದೊಡ್ಡ ಪರಿಣಾಮ ಇದ್ದರೆ, ಇನ್ನೊಂದರಲ್ಲಿ ಅಪಾಯ ತುಸು ಹೆಚ್ಚು ಕಡಿಮೆಯಾಗುವ ಅಲ್ಪ ಪರಿಣಾಮ. ಇವನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಅಂಕ 80 ಬಂದವರಿಗೆ ಡೆಂಗಿ ಬರುವುದಿಲ್ಲ, 40 ಬಂದವರಿಗೆ ಬರುತ್ತದೆ ಎಂದು ಯಾರೂ ಹೇಳಲಾರರು.

ಆದ್ದರಿಂದ ಅಂಕ ಬಿಟ್ಟು ಸಾಲುಗಳಿಗೆ ಬರೋಣ.

ಎಲ್ಲಕ್ಕಿಂತ ಮೇಲೆ ಇಟ್ಟಿರುವುದು ಸಿಸಿಆರ್5 ಎಂಬ ವಂಶವಾಹಿ. ಬಿಳಿ ರಕ್ತಕಣದ ಮೇಲ್ಮೈಯಲ್ಲಿರುವ ಒಂದು ಪ್ರೋಟೀನಿಗೆ ಇದು ವಿವರ. ಹೆಚ್‌ಐವಿ ಒಳಹೋಗಲು ಕೋಶದ ಮೇಲಿನ ಸಿಡಿ4 ಎಂಬ ಪ್ರೋಟೀನ್ ಒಂದೇ ಸಾಲದು, ಇದನ್ನೂ ಹಿಡಿಯಬೇಕು. ಈ ವಂಶವಾಹಿಯಲ್ಲಿ 32 ಅಕ್ಷರ ಬಿಟ್ಟುಹೋದ ರೂಪವೊಂದಿದೆ ಎಂದು 1996ರಲ್ಲಿ ಗೊತ್ತಾಯಿತು. ತಂದೆಯಿಂದಲೂ ತಾಯಿಯಿಂದಲೂ ಅದೇ ಬಂದಿದ್ದರೆ ಪ್ರೋಟೀನ್ ಕೋಶದ ಮೇಲೆ ಕಾಣಿಸಿಕೊಳ್ಳುವುದೇ ಇಲ್ಲ, ಸಾಮಾನ್ಯ ಹೆಚ್‌ಐವಿ ತಳಿಗೆ ಒಳಗೆ ಹೋಗಲಾಗುವುದಿಲ್ಲ. ಉತ್ತರ ಯುರೋಪಿನವರಲ್ಲಿ ಸುಮಾರು 1% ಜನ ಹೀಗಿದ್ದಾರೆ. ‘ಬರ್ಲಿನ್ ರೋಗಿ’ ಎಂದು ಹೆಸರಾದ ತಿಮೊಥಿ ರೇ ಬ್ರೌನ್ ಅವರಿಗೆ ರಕ್ತದ ಕ್ಯಾನ್ಸರಿಗಾಗಿ 2007ರಲ್ಲಿ ಕಸಿ ಮಾಡಿದಾಗ ವೈದ್ಯರು ಆರಿಸಿದ್ದು ಇಂಥ ಎರಡು ಪ್ರತಿ ಇರುವ ದಾನಿಯನ್ನೇ. ಬ್ರೌನ್ ದೇಹದಲ್ಲಿ ಹೆಚ್‌ಐವಿ ಮತ್ತೆ ತಲೆಯೆತ್ತಲಿಲ್ಲ. 2020ರಲ್ಲಿ ಅವರು ತೀರಿಕೊಂಡದ್ದು ಮರುಕಳಿಸಿದ ಕ್ಯಾನ್ಸರಿನಿಂದ. ಇದೇ ಪ್ರೋಟೀನನ್ನು ಮುಚ್ಚುವ ಮರಾವಿರಾಕ್ ಎಂಬ ಔಷಧಿಯೂ 2007ರಲ್ಲೇ ಬಂತು.

ಇಷ್ಟೆಲ್ಲ ನಿಜ. ಆದರೆ ಆ ರೂಪ ಭಾರತದಲ್ಲಿ ತೀರಾ ಅಪರೂಪ. ಅಘನಾಶಿನಿ ದಡದ ಒಬ್ಬರಿಗೆ ಈ ಸಾಲಿನಲ್ಲಿ ‘ಸಾಮಾನ್ಯ’ ಎಂದು ಬರುವುದೇ ಹೆಚ್ಚು, ಅದು ಹೊಸ ಸುದ್ದಿಯೇನಲ್ಲ. ‘ನಿರೋಧ ಇದೆ’ ಎಂದು ಬಂದರೆ ಮೊದಲು ಸಂಶಯಪಡಬೇಕು. ಚಿಪ್ ಒಂದೊಂದೇ ಅಕ್ಷರದ ವ್ಯತ್ಯಾಸ ಹಿಡಿಯುವುದರಲ್ಲಿ ಚುರುಕು, 32 ಅಕ್ಷರ ಒಟ್ಟಿಗೆ ಬಿಟ್ಟುಹೋದದ್ದನ್ನು ಗುರುತಿಸುವುದರಲ್ಲಿ ಅಷ್ಟು ಗಟ್ಟಿಯಲ್ಲ. ಖಚಿತಪಡಿಸುವ ಪರೀಕ್ಷೆ ಪಿಸಿಆರ್, ಅಂದರೆ ಡಿಎನ್‌ಎಯ ಒಂದು ತುಂಡನ್ನು ಬಹಳಷ್ಟು ಪ್ರತಿ ಮಾಡಿ ನೋಡುವುದು. ಆ ಜಾಗದ ಎರಡೂ ಬದಿಗೆ ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ತುಂಡು ಹಾಕಿ ಪ್ರತಿ ತೆಗೆದು, ಉದ್ದದ ಪ್ರಕಾರ ಬೇರ್ಪಡಿಸಲು ಜೆಲ್ ಮೇಲೆ ಓಡಿಸುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಪ್ರೈಮರ್ ಜೋಡಿಯಲ್ಲಿ ಪೂರ್ಣ ರೂಪದ ಗೆರೆ 189 ಅಕ್ಷರದ ಉದ್ದಕ್ಕೆ, ಬಿಟ್ಟುಹೋದದ್ದರದು 157ಕ್ಕೆ ನಿಲ್ಲುತ್ತದೆ. ಎರಡೂ ಗೆರೆ ಕಂಡರೆ ಒಂದು ಪ್ರತಿ ಮಾತ್ರ ಇದೆ ಎಂದರ್ಥ. ಒಂದೇ ಪ್ರತಿ ಇದ್ದವರಿಗೆ ಸೋಂಕು ತಗಲುತ್ತದೆ, ಕಾಯಿಲೆ ಮುಂದುವರಿಯುವುದು ನಿಧಾನವಾಗಬಹುದು, ಅಷ್ಟೇ. ಎರಡು ಪ್ರತಿ ಇದ್ದವರಿಗೂ ಸಿಎಕ್ಸ್‌ಸಿಆರ್4 ಎಂಬ ಇನ್ನೊಂದು ಪ್ರೋಟೀನ್ ಹಿಡಿದು ಬರುವ ತಳಿಯಿಂದ ರಕ್ಷಣೆಯಿಲ್ಲ. ಹಸಿರು ಪಟ್ಟಿ ನೋಡಿ ಕಾಂಡೋಮ್ ಬಿಟ್ಟರೆ ಆಗುವ ಅನಾಹುತವನ್ನು ಯಾವ ಕಂಪನಿಯೂ ತುಂಬಿಕೊಡಲಾರದು. ಹೆಚ್‌ಐವಿ ಬಗ್ಗೆ ಸಂಶಯವಿದ್ದರೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಪರೀಕ್ಷೆ ಉಚಿತ, ಗುಟ್ಟು ಕಾಪಾಡುತ್ತಾರೆ, ಸಹಾಯವಾಣಿ 1097.

ವರದಿ ಬರೆದವರು ಬಿಟ್ಟೇಬಿಟ್ಟ ಇನ್ನೊಂದು ಮಾತು ನಮ್ಮ ಜಿಲ್ಲೆಗೆ ಬಹಳ ಮುಖ್ಯ. ಸಿಸಿಆರ್5 ಇರುವುದು ವೈರಸ್ಸಿಗೆ ದಾರಿ ಕೊಡಲಿಕ್ಕಲ್ಲ. ಸೋಂಕಾದ ಜಾಗಕ್ಕೆ, ಅದರಲ್ಲೂ ಮಿದುಳಿಗೆ, ರಕ್ಷಣಾ ಕಣಗಳನ್ನು ಕರೆದೊಯ್ಯುವುದು ಅದರ ಕೆಲಸ. ಅದಿಲ್ಲದವರಿಗೆ ವೆಸ್ಟ್ ನೈಲ್ ವೈರಸ್ ತಗುಲಿದರೆ ಕಾಯಿಲೆ ಜೋರಾಗುವ ಸಂಭವ ಹೆಚ್ಚು ಎಂದು ಅಮೆರಿಕದಲ್ಲಿ 2006ರಲ್ಲಿ ತೋರಿಸಿದರು. 2008ರಲ್ಲಿ ಲಿಥುವೇನಿಯಾದ ರೋಗಿಗಳ ಅಧ್ಯಯನದಲ್ಲಿ ಉಣುಗಿನಿಂದ ಬರುವ ಮಿದುಳುಜ್ವರಕ್ಕೂ ಇಂಥದೇ ನಂಟು ಕಂಡಿತು. ನಮ್ಮ ಮಂಗನ ಕಾಯಿಲೆಯ ವೈರಸ್ ಆ ಉಣುಗಿನ ಮಿದುಳುಜ್ವರದ ವೈರಸ್ಸಿನ ದಾಯಾದಿ, ಒಂದೇ ಗುಂಪಿನದು. ಹೆಚ್‌ಐವಿ ಸಾಲಿನಲ್ಲಿ ಹಸಿರು ಬಳಿಯುವವರು ಅದೇ ರೂಪದ ಈ ಮಗ್ಗುಲನ್ನೂ ಅದೇ ಪುಟದಲ್ಲಿ ಬರೆಯಬೇಕಿತ್ತು. ಚೀನಾದ ಹೆ ಜಿಯಾಂಕುಯಿ 2018ರಲ್ಲಿ ಭ್ರೂಣಗಳ ಸಿಸಿಆರ್5 ತಿದ್ದಿ ಮಕ್ಕಳನ್ನು ಹುಟ್ಟಿಸಿದ್ದಾಗಿ ಘೋಷಿಸಿದಾಗ ವಿಜ್ಞಾನಿಗಳು ಸಿಟ್ಟಿಗೆದ್ದದ್ದಕ್ಕೆ ಇದೂ ಒಂದು ಕಾರಣ. ಮುಂದಿನ ವರ್ಷ ಅವರಿಗೆ ಮೂರು ವರ್ಷ ಜೈಲಾಯಿತು.

ಎರಡನೆಯದು ಎಫ್‌ಯುಟಿ2. ಇಡೀ ವರದಿಯಲ್ಲಿ ನಮ್ಮವರಿಗೆ ಹೆಚ್ಚು ಉಪಯೋಗದ ಸಾಲು ಇದೇ. ಕರುಳಿನ ಒಳಪದರದ ಮೇಲೆ, ಜೊಲ್ಲಿನಲ್ಲಿ, ರಕ್ತದ ಗುಂಪಿನ ಸಕ್ಕರೆ ಸರಪಳಿಗಳು ಕಾಣಿಸಿಕೊಳ್ಳಲು ಈ ವಂಶವಾಹಿ ಬೇಕು. ಅದು ಕೆಲಸ ಮಾಡುತ್ತಿದ್ದರೆ ‘ಸೆಕ್ರೆಟರ್’, ಎರಡೂ ಪ್ರತಿ ಕೆಟ್ಟಿದ್ದರೆ ‘ನಾನ್ ಸೆಕ್ರೆಟರ್’. ವಾಂತಿಭೇದಿ ತರುವ ನೊರೋವೈರಸ್ ಅಂಟಿಕೊಳ್ಳುವುದು ಇದೇ ಸಕ್ಕರೆಗೆ. ಅದಿಲ್ಲದವರಿಗೆ ಜಗತ್ತಿನಲ್ಲಿ ಹೆಚ್ಚು ಹರಡಿರುವ ಜಿಐಐ.4 ತಳಿ ಸಾಮಾನ್ಯವಾಗಿ ತಗಲುವುದಿಲ್ಲ. ಯುರೋಪ್ ಮೂಲದವರಲ್ಲಿ ಸುಮಾರು 20% ಜನ ನಾನ್ ಸೆಕ್ರೆಟರ್, ಅವರಲ್ಲಿರುವ ಅದೇ ಬದಲಾವಣೆ ಭಾರತದಲ್ಲೂ ಇದೆ. ಇದು ಒಂದೇ ಅಕ್ಷರದ ವ್ಯತ್ಯಾಸವಾದ್ದರಿಂದ ಚಿಪ್ ಸರಿಯಾಗಿ ಓದುತ್ತದೆ. ರಾ ಫೈಲಿನಲ್ಲಿ ಆರ್‌ಎಸ್601338 (ಡಿಎನ್‌ಎಯಲ್ಲಿ ಆ ಜಾಗದ ಗುರುತು ಸಂಖ್ಯೆ) ಹುಡುಕಿ: ಜಿಜಿ ಅಥವಾ ಜಿಎ ಇದ್ದರೆ ಸೆಕ್ರೆಟರ್, ಎಎ ಇದ್ದರೆ ನಾನ್ ಸೆಕ್ರೆಟರ್. ಡಿಎನ್‌ಎ ಪರೀಕ್ಷೆಯಿಲ್ಲದೆಯೂ ಇದನ್ನು ತಿಳಿಯಬಹುದು. ಜೊಲ್ಲನ್ನು ಕುದಿಸಿ ತಣಿಸಿ, ಅದಕ್ಕೆ ಎಚ್ ಎಂಬ ಆ ಸಕ್ಕರೆಯ ಗುರುತು ಹಿಡಿಯುವ ಲೆಕ್ಟಿನ್ ಎಂಬ ಪ್ರೋಟೀನ್ ಬೆರೆಸಿ, ಆಮೇಲೆ ಓ ಗುಂಪಿನ ರಕ್ತಕಣ ಹಾಕಿದಾಗ ಕಣಗಳು ಗಂಟುಕಟ್ಟದಿದ್ದರೆ ಸೆಕ್ರೆಟರ್, ಗಂಟುಕಟ್ಟಿದರೆ ನಾನ್ ಸೆಕ್ರೆಟರ್. ರಕ್ತನಿಧಿಯ ತಂತ್ರಜ್ಞರಿಗೆ ಗೊತ್ತಿರುವ ಹಳೆಯ ಪರೀಕ್ಷೆ ಇದು.

ಕರಾವಳಿಯವರು ಒಂದು ವಿಷಯ ಗಮನಿಸಬೇಕು. ಚಿಪ್ಪಿಕಲ್ಲು, ಬೆಳಚು, ಕಲುವ ಇವೆಲ್ಲ ನೀರನ್ನು ಸೋಸಿ ತಿನ್ನುವ ಜೀವಿಗಳು. ಊರಿನ ಕೊಳೆ ಹೊಳೆಗೆ ಸೇರಿದರೆ ವೈರಸ್ ಅವುಗಳ ಹೊಟ್ಟೆಯಲ್ಲಿ ಸೇರಿಕೊಳ್ಳುತ್ತದೆ. ಕಲುವದ ಜೀರ್ಣಾಂಗದಲ್ಲಿ ಮನುಷ್ಯರ ಎ ರಕ್ತದ ಗುಂಪಿನದನ್ನು ಹೋಲುವ ಸಕ್ಕರೆಯೇ ಇದ್ದು, ನೊರೋವೈರಸ್ ಅಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಶುದ್ಧ ನೀರಿನಲ್ಲಿ ಎರಡು ದಿನ ಬಿಟ್ಟರೂ ಪೂರ್ತಿ ಹೋಗದಿರಲು ಇದೇ ಕಾರಣ. ಬಾಯಿ ತೆರೆಯುವಷ್ಟು ಹಬೆ ತೋರಿಸಿದರೆ ಸಾಲದು, ಒಳಗಿನ ಮಾಂಸವೇ 90 ಡಿಗ್ರಿಗೆ ಬಂದು ಒಂದೂವರೆ ನಿಮಿಷ ಅಲ್ಲಿ ನಿಲ್ಲಬೇಕು. ಕೈಗೆ ಹಚ್ಚುವ ಆಲ್ಕೋಹಾಲ್ ಸ್ಯಾನಿಟೈಸರ್ ಈ ವೈರಸ್ಸಿನ ಮೇಲೆ ಹೆಚ್ಚು ಕೆಲಸ ಮಾಡುವುದಿಲ್ಲ, ಸೋಪು ನೀರೇ ಬೇಕು. ಎಎ ಬಂದವರಿಗೂ ಈ ನಿಯಮ ಸಡಿಲವಾಗುವುದಿಲ್ಲ. ನಾನ್ ಸೆಕ್ರೆಟರ್‌ಗಳಿಗೆ ತಗಲುವ ನೊರೋ ತಳಿಗಳೂ ಇವೆ, ಹೆಪಟೈಟಿಸ್ ಎ ಅಂತೂ ಎಫ್‌ಯುಟಿ2 ಕೇಳಿ ಬರುವುದಿಲ್ಲ. ನಾನ್ ಸೆಕ್ರೆಟರ್ ಆಗಿರುವುದಕ್ಕೂ ಬೆಲೆಯಿದೆ: ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಸಂಭವ ಅವರಲ್ಲಿ ಸ್ವಲ್ಪ ಹೆಚ್ಚು. ಮಕ್ಕಳ ರೋಟಾವೈರಸ್ಸಿನ ಕೆಲವು ತಳಿಗಳೂ ಇದೇ ಸಕ್ಕರೆ ನಂಬಿಕೊಂಡಿವೆ. ಹಾಗೆಂದು ಮಗುವಿನ ರೋಟಾ ಲಸಿಕೆ ಬಿಡುವಂತಿಲ್ಲ, ಎಲ್ಲ ತಳಿಗೂ ಆ ರಕ್ಷಣೆ ಸಿಗುವುದಿಲ್ಲ.

ಕೋವಿಡ್‌ಗೆ ಎರಡು ಸಾಲು ಮುಖ್ಯ. 3ನೇ ವರ್ಣತಂತುವಿನಲ್ಲಿ ಸುಮಾರು 50,000 ಅಕ್ಷರ ಉದ್ದದ ಒಂದು ತುಂಡು ನಿಯಾಂಡರ್ತಾಲರೆಂಬ ಅಳಿದುಹೋದ ಪ್ರಾಚೀನ ಮಾನವರಿಂದ ಬಂದದ್ದು ಎಂದು ಹ್ಯೂಗೋ ಜೆಬೆರ್ಗ್ ಮತ್ತು ಸ್ವಾಂತೆ ಪಾಬೊ 2020ರಲ್ಲಿ ತೋರಿಸಿದರು. ಅದು ಇದ್ದವರಿಗೆ ಕೋವಿಡ್ ಗಂಭೀರವಾಗುವ ಅಪಾಯ ಜಾಸ್ತಿ. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಕನಿಷ್ಠ ಒಂದು ಪ್ರತಿ ಇದೆ, ಯುರೋಪಿನಲ್ಲಿ 16%. ಆರ್‌ಎಸ್10490770ರಲ್ಲಿ ಸಿ ಇದ್ದರೆ ಆ ತುಂಡು ಇದೆ. ಅದೇ ನಿಯಾಂಡರ್ತಾಲರಿಂದಲೇ ಬಂದ 12ನೇ ವರ್ಣತಂತುವಿನ ಓಎಎಸ್1 ಎಂಬ ವಂಶವಾಹಿಯ ಸುತ್ತಲಿನ ತುಂಡು ತದ್ವಿರುದ್ಧ: ಪ್ರತಿಯೊಂದು ಪ್ರತಿಗೂ ಗಂಭೀರ ಕಾಯಿಲೆಯ ಅಪಾಯ ಸುಮಾರು 22% ಇಳಿಯುತ್ತದೆ. ಆರ್‌ಎಸ್10774671ರಲ್ಲಿ ಜಿ ಇರುವುದು ಒಳ್ಳೆಯದು. ಒಂದೇ ಪೂರ್ವಜರು ಕೊಟ್ಟ ಒಂದು ತುಂಡು ಕೆಟ್ಟದ್ದು, ಒಂದು ಒಳ್ಳೆಯದು. ಈ ಎರಡು ಸಾಲನ್ನು ವರದಿ ಸರಿಯಾಗಿ ವಿವರಿಸಿದೆ, ಮೆಚ್ಚುಗೆ ಸಲ್ಲಬೇಕು. ಆದರೆ ಇವೆರಡೂ ಸೋಂಕು ತಗಲಿದ ಮೇಲಿನ ತೀವ್ರತೆಯ ಮಾತು, ತಗಲುವುದಿಲ್ಲ ಎಂಬ ಮಾತಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಲಸಿಕೆ ಇವುಗಳ ಎದುರು ಇವು ಚಿಕ್ಕವು.

ಹೆಪಟೈಟಿಸ್ ಸಿ ಸಾಲು, ಅಂದರೆ ಆರ್‌ಎಸ್12979860, 2009ರಲ್ಲಿ ಪತ್ತೆಯಾದಾಗ ಬಹಳ ಬೆಲೆಬಾಳುವಂಥದ್ದಾಗಿತ್ತು. ಸಿಸಿ ಇದ್ದವರಿಗೆ ಇಂಟರ್‌ಫೆರಾನ್ ಚಿಕಿತ್ಸೆ ಹೆಚ್ಚು ಫಲ ಕೊಡುತ್ತಿತ್ತು. ಈಗ ನೇರ ವೈರಸ್ ವಿರೋಧಿ ಮಾತ್ರೆಗಳು ಈ ಅಕ್ಷರ ಯಾವುದಿದ್ದರೂ ಬಹುತೇಕ ಎಲ್ಲರನ್ನೂ ಗುಣಪಡಿಸುತ್ತವೆ, ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತವಾಗಿಯೂ ಸಿಗುತ್ತವೆ. ಓದಿ ಮುಂದೆ ಹೋಗಿ.

ಎಚ್‌ಎಲ್‌ಎ-ಬಿ ಎಂಬ ರೋಗನಿರೋಧಕ ವಂಶವಾಹಿಯ 57:01 ರೂಪದ ಸಾಲಿನ ಮುಂದೆ ‘ಹೆಚ್‌ಐವಿ ನಿಯಂತ್ರಣ ಉತ್ತಮ’ ಎಂದು ಹಸಿರು ಬಳಿದಿದ್ದಾರೆ. ಸೋಂಕಾದ ಮೇಲೂ ಔಷಧಿಯಿಲ್ಲದೆ ವೈರಸ್ಸನ್ನು ಹತೋಟಿಯಲ್ಲಿಡುವ ವಿರಳ ಜನರಲ್ಲಿ ಈ ರೂಪ ಹೆಚ್ಚು ಕಾಣುವುದು ನಿಜ. ಆದರೆ ಈ ಸಾಲಿನ ನಿಜವಾದ ಉಪಯೋಗ ಇನ್ನೊಂದು: ಇದು ಇದ್ದವರಿಗೆ ಅಬಕಾವಿರ್ ಎಂಬ ಹೆಚ್‌ಐವಿ ಔಷಧಿ ಕೊಟ್ಟರೆ ಜೀವಕ್ಕೇ ಅಪಾಯವಾಗುವ ಅಲರ್ಜಿ ಬರಬಹುದು. ಅದು ಕೆಂಪಕ್ಷರದಲ್ಲಿ ಬರೆಯಬೇಕಾದ ಮಾತು, ವರದಿಯಲ್ಲಿ ಅಡಿಟಿಪ್ಪಣಿ ಸೇರಿದೆ. ಚಿಪ್ ಈ ರೂಪವನ್ನು ನೇರವಾಗಿ ಓದುವುದೂ ಇಲ್ಲ. ಹತ್ತಿರದ ಆರ್‌ಎಸ್2395029 ಎಂಬ ಗುರುತನ್ನು ನೋಡಿ ಅಂದಾಜು ಮಾಡುತ್ತದೆ. ಅಂಗಳದಲ್ಲಿ ಬೈಕು ನಿಂತಿದೆ, ಹಾಗಾದರೆ ಯಜಮಾನರು ಮನೆಯಲ್ಲಿದ್ದಾರೆ ಎಂದಂತೆ. ಯುರೋಪಿನವರಲ್ಲಿ ಅಂದಾಜು ಬಹುಪಾಲು ಸರಿಹೋಗುತ್ತದೆ, ಬೇರೆ ಜನಸಮುದಾಯಗಳಲ್ಲಿ ಆ ಜೋಡಿ ಅಷ್ಟು ಬಿಗಿಯಲ್ಲ. ಔಷಧಿಯ ನಿರ್ಧಾರಕ್ಕೆ ಈ ರೂಪವನ್ನೇ ನೇರವಾಗಿ ನೋಡುವ ಎಚ್‌ಎಲ್‌ಎ ಟೈಪಿಂಗ್ ಮಾಡಿಸಲೇಬೇಕು.

ಕೊನೆಯ ಪುಟಗಳಲ್ಲಿ ಟಿಎಲ್‌ಆರ್3, ಟಿಎಲ್‌ಆರ್7, ಐಎಫ್‌ಎನ್‌ಎಆರ್1 ಎಂಬ ವಂಶವಾಹಿಗಳ ಅಪರೂಪದ ದೋಷಗಳ ಪಟ್ಟಿಯಿದೆ. ಮಕ್ಕಳಲ್ಲಿ ಹರ್ಪೀಸ್ ಮಿದುಳುಜ್ವರ, ಎಳೆ ವಯಸ್ಸಿನ ಗಂಡಸರಲ್ಲಿ ಭೀಕರ ಕೋವಿಡ್ ಇವುಗಳ ಹಿಂದೆ ಇಂಥ ದೋಷ ಸಿಕ್ಕಿರುವುದು ಹೌದು. ಆದರೆ ತೀರಾ ವಿರಳವಾದ ಬದಲಾವಣೆಯನ್ನು ಚಿಪ್ ಓದಿದಾಗ ತಪ್ಪುವುದೇ ಹೆಚ್ಚು. ಇಂಥ ಕಿಟ್‌ಗಳ ರಾ ಡೇಟಾದಲ್ಲಿ ಸಿಕ್ಕ ಬದಲಾವಣೆಗಳನ್ನು ಲ್ಯಾಬಿನಲ್ಲಿ ಮರುಪರೀಕ್ಷಿಸಿದ 2018ರ ಒಂದು ಅಧ್ಯಯನದಲ್ಲಿ 40% ಸುಳ್ಳು ಎಂದು ತೇಲಿತು. ಈ ಪುಟದಲ್ಲಿ ಕೆಂಪು ಕಂಡು ರಾತ್ರಿ ನಿದ್ದೆಗೆಡಬೇಡಿ. ಕುಟುಂಬದಲ್ಲಿ ಒಂದೇ ಬಗೆಯ ಗಂಭೀರ ಸೋಂಕು ಮರುಕಳಿಸಿದ್ದರೆ ಮಾತ್ರ ವಂಶವಾಹಿ ತಜ್ಞರ ಬಳಿ ಹೋಗಿ ಸೀಕ್ವೆನ್ಸಿಂಗ್ ಮಾಡಿಸಿ. ಡಫಿ ರಕ್ತದ ಗುಂಪನ್ನೂ ಇದೇ ಪಟ್ಟಿಗೆ ತುರುಕಿದ್ದಾರೆ. ಅದು ವೈವಾಕ್ಸ್ ಮಲೇರಿಯಾದಿಂದ ಕಾಪಾಡುವಂಥದ್ದು, ಮಲೇರಿಯಾ ವೈರಸ್ಸೇ ಅಲ್ಲ.

ವೈರಸ್ ವಿರುದ್ಧ ಬಲ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಭಾವನೆ ಈ ವರದಿಯ ಉದ್ದಕ್ಕೂ ಇದೆ. ಅದು ಸರಿಯಲ್ಲ ಎನ್ನಲು ಐಎಸ್‌ಜಿ15 ಎಂಬ ವಂಶವಾಹಿ ಇಲ್ಲದೆ ಹುಟ್ಟಿದ ಮಕ್ಕಳ ಉದಾಹರಣೆ ಸಾಕು. ಅವರ ಕೋಶಗಳು ವೈರಸ್ಸುಗಳನ್ನು ಸಾಮಾನ್ಯರಿಗಿಂತ ಗಟ್ಟಿಯಾಗಿ ತಡೆಯುತ್ತವೆ. ಆದರೆ ಬಿಸಿಜಿ ಲಸಿಕೆಯ ದುರ್ಬಲ ಬ್ಯಾಕ್ಟೀರಿಯಾವೇ ಅಂಥ ಮಕ್ಕಳಲ್ಲಿ ಕಾಯಿಲೆ ತಂದದ್ದಿದೆ, ಮಿದುಳಿನಲ್ಲಿ ಸುಣ್ಣ ಕಟ್ಟುತ್ತದೆ. ವೈರಸ್ ಎಚ್ಚರಿಕೆ ಸದಾ ಬಾರಿಸುತ್ತಲೇ ಇರುವ ದೇಹ ಅದು.

ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಂಚಿನವರು ಮೊದಲು ಕೇಳುವ ಪ್ರಶ್ನೆ ಮಂಗನ ಕಾಯಿಲೆಯದೇ. ವರದಿಯಲ್ಲಿ ಅದಕ್ಕೆ ಸಾಲಿಲ್ಲ, ‘ಫ್ಲೇವಿವೈರಸ್‌ಗಳು’ (ಡೆಂಗಿ, ಮಂಗನ ಕಾಯಿಲೆ ತರುವ ವೈರಸ್‌ಗಳ ಕುಟುಂಬ) ಎಂಬ ಒಂದೇ ತಲೆಬರಹದಡಿ ಡೆಂಗಿಯ ಜೊತೆ ಓಎಎಸ್1 ತೋರಿಸಿ ಹಳದಿ ಬಳಿದಿದ್ದಾರೆ. ಇದರ ಮೂಲ ಇಲಿಗಳಲ್ಲಿದೆ. ಓಎಎಸ್1ಬಿ ಎಂಬ ವಂಶವಾಹಿ ಪೂರ್ತಿ ಇರುವ ಇಲಿಗಳು ಫ್ಲೇವಿವೈರಸ್ ತಾಳಿಕೊಳ್ಳುತ್ತವೆ, ಅದು ಮೊಟಕಾದ ಲ್ಯಾಬಿನ ಇಲಿಗಳು ಸಾಯುತ್ತವೆ ಎಂದು 2002ರಲ್ಲಿ ಗೊತ್ತಾಯಿತು. ಇಲಿಯ ಈ ವಂಶವಾಹಿಯನ್ನು ಮನುಷ್ಯರ ಓಎಎಸ್1ಕ್ಕೆ ಹಾಗೇ ಹೊಂದಿಸಿ, ಅಲ್ಲಿಂದ ಸಿದ್ದಾಪುರದ ಒಬ್ಬ ಕೂಲಿಕಾರರ ಅಪಾಯ ಲೆಕ್ಕಹಾಕುವುದು ತಪ್ಪು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಈ ಕಾಯಿಲೆಯಲ್ಲಿ ನೂರಕ್ಕೆ ಮೂರರಿಂದ ಐದು ರೋಗಿಗಳು ಸಾಯುತ್ತಾರೆ. ಡಿಸೆಂಬರಿನಿಂದ ಮೇವರೆಗೆ ಬೆಟ್ಟಕ್ಕೆ ದರಕು ಗುಡಿಸಲು, ಸೊಪ್ಪು ತರಲು, ದನ ಹೊಡೆಯಲು ಹೋಗುವವರಿಗೆ ಹಳದಿ ಪಟ್ಟಿಯಿಂದ ಆಗುವುದೇನೂ ಇಲ್ಲ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಉದ್ದ ತೋಳಿನ ಅಂಗಿ ಹಾಕಿ, ಮನೆಗೆ ಬಂದವರೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬಿಸಿನೀರಿಗೆ ಹಾಕಿ, ಸತ್ತ ಮಂಗ ಮುಸ್ಯ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಜ್ವರ ಬಂದರೆ ಬೇಗ ರಕ್ತ ಕೊಡಿ, ಮೊದಲ ದಿನಗಳಲ್ಲಿ ಪಿಸಿಆರ್‌ನಲ್ಲಿ ವೈರಸ್ ಸಿಗುತ್ತದೆ.

ಯಾವ ಅಳತೆಗೋಲು ಹಿಡಿದು ಈ ಹಸಿರು ಹಳದಿ ಹಾಕುತ್ತಾರೆ? ವರದಿಯಲ್ಲಿ ‘ದಕ್ಷಿಣ ಏಷ್ಯಾ’ ಎಂದು ತೋರಿಸುವ ಹೋಲಿಕೆ ಹಲವು ದೇಶಗಳ ಜನರ ಪೂರ್ತಿ ಡಿಎನ್‌ಎ (ಜೀನೋಮ್) ಓದಿದ 1000 ಜೀನೋಮ್ ಯೋಜನೆಯದು. ಅದರಲ್ಲಿ ದಕ್ಷಿಣ ಏಷ್ಯಾದವರು 489 ಜನ, ಐದು ಗುಂಪು: ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಹ್ಯೂಸ್ಟನ್‌ನ ಗುಜರಾತಿಗಳು, ಬ್ರಿಟನ್ನಿನ ತೆಲುಗರು, ಬ್ರಿಟನ್ನಿನ ಶ್ರೀಲಂಕಾ ತಮಿಳರು. ಕನ್ನಡ, ಕೊಂಕಣಿ ಮಾತಾಡುವ ಗುಂಪು ಒಂದೂ ಇಲ್ಲ. ಹವ್ಯಕರು, ಹಾಲಕ್ಕಿಗಳು, ನಾಡವರು, ಖಾರ್ವಿಗಳು, ಆಫ್ರಿಕಾ ಮೂಲದ ಸಿದ್ದಿಗಳು ತಲೆತಲಾಂತರದಿಂದ ತಮ್ಮತಮ್ಮೊಳಗೇ ಮದುವೆಯಾಗುತ್ತ ಬಂದ ಜಿಲ್ಲೆ ಇದು. ಹಾಗಿರುವ ಕಡೆ ಒಂದು ರೂಪ ಒಂದು ಸಮುದಾಯದಲ್ಲಿ ಸಾಮಾನ್ಯವಾಗಿ, ಪಕ್ಕದ ಕೇರಿಯಲ್ಲಿ ಅಪರೂಪವಾಗಿ ಇರಬಹುದು. ಜೀನೋಮ್ ಇಂಡಿಯಾ ಯೋಜನೆ 10,000 ಜನರ ಜೀನೋಮ್ ಓದಿ 2025ರ ಜನವರಿಯಲ್ಲಿ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿದೆ. ಮಾರುವವರು ಅದನ್ನು ಬಳಸಿ ವರದಿ ತಿದ್ದಿದ ದಿನ ಈ ಪುಟಗಳಿಗೆ ಹೆಚ್ಚು ಬೆಲೆ ಬರುತ್ತದೆ.

ರಾ ಫೈಲ್ ಬಗ್ಗೆ: ಅದು ಆರೇಳು ಲಕ್ಷ ಸಾಲಿನ ಸಾದಾ ಟೆಕ್ಸ್ಟ್ ಫೈಲ್, ಫೋನಿನಲ್ಲಿ ತೆರೆಯಲು ಹೋದರೆ ಫೋನ್ ಸ್ಥಗಿತವಾಗುತ್ತದೆ. ಕಂಪ್ಯೂಟರಿನಲ್ಲಿ ಜಿಪ್ ಬಿಚ್ಚಿ ನೋಟ್‌ಪ್ಯಾಡಿನಲ್ಲಿ ತೆರೆದು, ಆರ್‌ಎಸ್ ಎಂಬುದನ್ನು ಇಂಗ್ಲಿಷ್ ಚಿಕ್ಕಕ್ಷರದಲ್ಲಿ ಸಂಖ್ಯೆಯ ಜೊತೆ ಅಂಟಿಸಿ ಹುಡುಕಿ. ಎಕ್ಸೆಲ್ ಶೀಟಿನಲ್ಲಿ ತೆರೆದು ಸೇವ್ ಮಾಡಬೇಡಿ, ಫೈಲಿನ ರೂಪವೇ ಕೆಡಬಹುದು. ಅಕ್ಷರದ ಜಾಗದಲ್ಲಿ ಎರಡು ಅಡ್ಡಗೆರೆ ಇದ್ದರೆ ಆ ಜಾಗ ಓದಲಾಗಿಲ್ಲ ಎಂದರ್ಥ, ದೋಷವಲ್ಲ. ಆರ್‌ಎಸ್601338ರಲ್ಲಿ ಜಿ, ಎ ಬದಲು ಸಿ, ಟಿ ಕಂಡರೆ ಕಂಪನಿ ಡಿಎನ್‌ಎಯ ಎದುರು ಎಳೆಯನ್ನು ಓದಿದೆ. ಸಿ ಎಂದರೆ ಜಿ, ಟಿ ಎಂದರೆ ಎ ಎಂದು ತಿರುಗಿಸಿ ಓದಿ.

ಫೋನಿನ ಸಲಹೆಗಾರರು ಕನ್ನಡ ಮಾತಾಡುತ್ತಾರೆ, ಸೌಜನ್ಯವಿದೆ. ಕೇಳಿದ ಪ್ರಶ್ನೆಗೆ ಅಂಕದ ವೃತ್ತವನ್ನೇ ತೋರಿಸುವುದು ಬೇಸರ. ಒಪ್ಪಿಗೆ ಪತ್ರದಲ್ಲಿ ‘ಸಂಶೋಧನೆಗೆ ಬಳಸಬಹುದು’ ಎಂಬ ಚೌಕ ಮೊದಲೇ ಗುರುತಾಗಿರುತ್ತದೆ, ಬೇಡವಾದರೆ ನೀವೇ ತೆಗೆಯಬೇಕು. ನಿಮ್ಮ ಡಿಎನ್‌ಎಯ ಅರ್ಧ ನಿಮ್ಮ ಮಕ್ಕಳದ್ದೂ ಹೌದು, ಒಡಹುಟ್ಟಿದವರಲ್ಲೂ ಸುಮಾರು ಅಷ್ಟೇ ಪಾಲು ಇದೆ. ಅಮೆರಿಕದ 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚಿನಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಹಾಗಾಗಿ ವರದಿ ಬಂದ ಮೇಲೆ ಅಳಿಸುವಂತೆ ಬರೆಯಿರಿ. ನೋಂದಾಯಿಸಿದ ಇಮೇಲಿನಿಂದಲೇ ಬರೆಯಬೇಕು, ಬಾರ್‌ಕೋಡ್ ಸಂಖ್ಯೆ ಹಾಕಬೇಕು, ಮೂರನ್ನೂ ಬೇರೆಬೇರೆಯಾಗಿ ಕೇಳಬೇಕು: ಉಳಿದ ಜೊಲ್ಲು ಮತ್ತು ತೆಗೆದಿಟ್ಟ ಡಿಎನ್‌ಎ ನಾಶಮಾಡುವುದು, ಸರ್ವರಿನ ಮಾಹಿತಿ ಅಳಿಸುವುದು, ಸಂಶೋಧನೆಯ ಒಪ್ಪಿಗೆ ಹಿಂತೆಗೆದುಕೊಳ್ಳುವುದು. ಖಾತೆ ಮುಚ್ಚಿದರೆ ಇವೆಲ್ಲ ತಾನಾಗಿ ಆಗುವುದಿಲ್ಲ. ಮಾಡಿದ್ದೇವೆ ಎಂದು ಲಿಖಿತ ಉತ್ತರ ಪಡೆದಿಟ್ಟುಕೊಳ್ಳಿ. ಪಿಡಿಎಫ್ ಮತ್ತು ರಾ ಫೈಲ್ ಎರಡನ್ನೂ ಅದಕ್ಕೆ ಮೊದಲೇ ಇಳಿಸಿಕೊಂಡಿರಿ, ಅಳಿಸಿದ ಮೇಲೆ ಮತ್ತೆ ಸಿಗುವುದಿಲ್ಲ.